ಜನವರಿಯ ಬೇಗೆ, ಹೊಕ್ಕೈಡೊ ಹಿಮ

ಆಸ್ಟ್ರೇಲಿಯಾದಲ್ಲಿ ಬೇಸಿಗೆ ಡಿಸೆಂಬರಿನಲ್ಲಿ ಕಾಲಿಟ್ಟು ಫೆಬ್ರವರಿ ಮುಗಿಯುವವರೆಗೆ ಇರುತ್ತದೆ. ಶಾಲೆಗಳಿಗೆ ವರ್ಷದ ದೊಡ್ಡ ರಜೆಯೂ ಆಗಲೇ. ಕ್ರಿಸ್‌ಮಸ್‌ಗೆ ಮುನ್ನ ಮುಚ್ಚುವ ಶಾಲೆಗಳು ಮತ್ತೆ ತೆರೆಯುವುದು ಜನವರಿಯ ಕೊನೆಯ ಹೊತ್ತಿಗೆ. ಇದೇ ವಾರಗಳಲ್ಲಿ ಸಮಭಾಜಕ ವೃತ್ತದ ಆಚೆ, ಜಪಾನಿನ ಉತ್ತರ ದ್ವೀಪವಾದ ಹೊಕ್ಕೈಡೊದಲ್ಲಿ ಹಗಲೂ ಇರುಳೂ ಹಿಮ ಸುರಿಯುತ್ತಿರುತ್ತದೆ. ಮನೆಯಲ್ಲಿ ಧಗೆ ತಾರಕಕ್ಕೇರುವ ತಿಂಗಳು, ಅಲ್ಲಿ ಹಿಮ ಹದಗೊಂಡಿರುವ ತಿಂಗಳು, ಮಕ್ಕಳಿಗೆ ಬಿಡುವಿರುವ ತಿಂಗಳು ಮೂರೂ ಒಂದಾಗಿರುವುದರಿಂದ ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್‌ಗಳ ಸಾವಿರಾರು ಕುಟುಂಬಗಳಿಗೆ ಜನವರಿಯಲ್ಲಿ ಜಪಾನಿಗೆ ಸ್ಕೀಯಿಂಗ್‌ಗೆ ಹೋಗುವುದು ರೂಢಿಯಾಗಿದೆ. ಕರ್ನಾಟಕದ ಬೇಸಿಗೆಗೆ ಇಂಥ ಅನುಕೂಲವಿಲ್ಲ. ಏಪ್ರಿಲ್–ಮೇ ರಜೆಯ ಹೊತ್ತಿಗೆ ಉತ್ತರ ಗೋಲಾರ್ಧದ ಹಿಮ ಬಹುಪಾಲು ಕರಗಿರುತ್ತದೆ, ದಕ್ಷಿಣ ಗೋಲಾರ್ಧದ ಹಿಮ ಇನ್ನೂ ಬಿದ್ದಿರುವುದಿಲ್ಲ.

ಇಂಥ ಪ್ರವಾಸದ ಯೋಜನೆ ಎಂದರೆ ಸಾಮಾನ್ಯವಾಗಿ ವಿಮಾನದ ಟಿಕೆಟ್, ಹೋಟೆಲ್, ಉಣ್ಣೆಯ ಉಡುಪು ಇಷ್ಟರಲ್ಲೇ ಮಾತು ಮುಗಿಯುತ್ತದೆ. ಆದರೆ ಬಿಟ್ಟುಹೋಗುವ ಮನೆಗೂ ಸೇರಬೇಕಾದ ಬೆಟ್ಟಕ್ಕೂ ಅಷ್ಟೇ ಗಮನ ಕೊಡಬೇಕಾದ ಕಾಲ ಬಂದಿದೆ. ಏರುತ್ತಿರುವ ತಾಪಮಾನ ಎರಡೂ ಕಡೆಯ ಲೆಕ್ಕವನ್ನು ಬದಲಿಸುತ್ತಿದೆ.

ಮನೆಯ ಕಡೆಯ ಬಿಸಿ

1910ರಲ್ಲಿ ರಾಷ್ಟ್ರಮಟ್ಟದ ದಾಖಲೆ ಆರಂಭವಾದಂದಿನಿಂದ ಆಸ್ಟ್ರೇಲಿಯಾದ ಸರಾಸರಿ ತಾಪಮಾನ ಸುಮಾರು 1.5 ಡಿಗ್ರಿ ಸೆಲ್ಸಿಯಸ್ ಏರಿದೆ ಎಂದು ಅಲ್ಲಿನ ಹವಾಮಾನ ಇಲಾಖೆ ಮತ್ತು ಸಿಎಸ್‌ಐಆರ್‌ಒ ವಿಜ್ಞಾನ ಸಂಶೋಧನಾ ಸಂಸ್ಥೆಯ 2024ರ ವರದಿ ಹೇಳುತ್ತದೆ. ಕೇಳುವುದಕ್ಕೆ ಅಂಕಿ ಚಿಕ್ಕದು. ಸರಾಸರಿ ಇಷ್ಟು ಮೇಲೇರಿದಾಗ ತುತ್ತತುದಿಯ ದಿನಗಳು ಎಲ್ಲಿಗೆ ಹೋಗುತ್ತವೆ ಎಂಬುದು ಇತ್ತೀಚಿನ ದಾಖಲೆಗಳನ್ನು ನೋಡಿದರೆ ತಿಳಿಯುತ್ತದೆ. 2019ರ ಡಿಸೆಂಬರ್ 18ರಂದು ಇಡೀ ದೇಶದ ಗರಿಷ್ಠ ತಾಪಮಾನದ ಸರಾಸರಿ 41.9 ಡಿಗ್ರಿ ಇತ್ತು. ಮರುಭೂಮಿ, ಕರಾವಳಿ, ಕಾಡು, ಬೆಟ್ಟ ಎಲ್ಲವನ್ನೂ ಸೇರಿಸಿ ತೆಗೆದ ಸರಾಸರಿ ಅದು. 2020ರ ಜನವರಿ 4ರಂದು ಸಿಡ್ನಿಯ ಪಶ್ಚಿಮ ಅಂಚಿನ ಪೆನ್ರಿತ್ 48.9 ಡಿಗ್ರಿ ಮುಟ್ಟಿತು. 2022ರ ಜನವರಿ 13ರಂದು ಪಶ್ಚಿಮ ಕರಾವಳಿಯ ಆನ್ಸ್ಲೊ ಊರಿನಲ್ಲಿ 50.7 ಡಿಗ್ರಿ ದಾಖಲಾಗಿ, 1960ರಲ್ಲಿ ಊಡ್ನಡಾಟಾದಲ್ಲಿ ಬರೆದಿಟ್ಟಿದ್ದ ರಾಷ್ಟ್ರೀಯ ದಾಖಲೆಯನ್ನು ಸರಿಗಟ್ಟಿತು.

ಸಿಡ್ನಿಯ ಒಳಗೇ ಎರಡು ಬೇಸಿಗೆಗಳಿವೆ. ಬಾಂಡೈಯಂಥ ಕಡಲ ದಂಡೆಯ ಬಡಾವಣೆಗಳಿಗೆ ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಗಾಳಿ ಬೀಸಿ ತಂಪಾಗುತ್ತದೆ. ಆ ಗಾಳಿ ಹಲವು ಹತ್ತು ಕಿಲೋಮೀಟರ್ ಒಳಗಿರುವ ಪೆನ್ರಿತ್, ಬ್ಲ್ಯಾಕ್‌ಟೌನ್‌ಗಳನ್ನು ತಲುಪುವಷ್ಟರಲ್ಲಿ ಸೋತಿರುತ್ತದೆ, ಕೆಲವು ದಿನ ತಲುಪುವುದೇ ಇಲ್ಲ. ಒಳನಾಡಿನ ಮರುಭೂಮಿಯಿಂದ ಬರುವ ಒಣ ಬಿಸಿಗಾಳಿ ಬ್ಲೂ ಮೌಂಟನ್ಸ್ ಸಾಲನ್ನು ದಾಟಿ ಕೆಳಗಿಳಿಯುವಾಗ ಒತ್ತಡ ಹೆಚ್ಚಿ ಇನ್ನಷ್ಟು ಕಾಯುತ್ತದೆ. ಹೀಗಾಗಿ ಕಡು ಬಿಸಿಲಿನ ದಿನ ಒಂದೇ ನಗರದ ಪೂರ್ವಕ್ಕೂ ಪಶ್ಚಿಮಕ್ಕೂ ಹತ್ತು ಡಿಗ್ರಿಯಷ್ಟು ಅಂತರ ಕಾಣುವುದುಂಟು. ಹೊಸ ಬಡಾವಣೆಗಳ ಕಪ್ಪು ಹೆಂಚಿನ ಮಾಡು, ಒತ್ತೊತ್ತಾಗಿ ಕಟ್ಟಿದ ಗೋಡೆ, ನೆರಳಿಲ್ಲದ ಬೀದಿ ಸೇರಿಕೊಂಡು ರಾತ್ರಿಯೂ ಮನೆ ಆರದಂತೆ ಮಾಡುತ್ತವೆ. ಕೈಗೆಟುಕುವ ಬೆಲೆಯ ಮನೆ ಹುಡುಕಿ ಬರುವ ವಲಸಿಗರು ಹೆಚ್ಚಾಗಿ ನೆಲೆಸುವುದು ಈ ಪಶ್ಚಿಮ ಭಾಗದಲ್ಲೇ. ಕರ್ನಾಟಕದಿಂದ ಹೋದ ಅನೇಕ ಕುಟುಂಬಗಳ ವಿಳಾಸವೂ ಇದೇ.

ಬಿಸಿಲು ಕೊಲ್ಲುವುದು ಸದ್ದಿಲ್ಲದೆ. 2009ರ ಫೆಬ್ರವರಿ 7ರ 'ಬ್ಲ್ಯಾಕ್ ಸ್ಯಾಟರ್ಡೇ' ಕಾಳ್ಗಿಚ್ಚಿನಲ್ಲಿ ವಿಕ್ಟೋರಿಯಾ ರಾಜ್ಯದಲ್ಲಿ 173 ಜನ ಸತ್ತದ್ದು ಜಗತ್ತಿಗೆಲ್ಲ ಗೊತ್ತು. ಆ ದಿನ ಮೆಲ್ಬರ್ನ್‌ನಲ್ಲಿ 46.4 ಡಿಗ್ರಿ ಇತ್ತು. ಅದಕ್ಕೆ ಒಂದು ವಾರ ಮೊದಲು ಬೀಸಿದ ಬಿಸಿಗಾಳಿಯ ದಿನಗಳಲ್ಲಿ ಅದೇ ರಾಜ್ಯದಲ್ಲಿ ಸಹಜ ಸಂಖ್ಯೆಗಿಂತ 374 ಹೆಚ್ಚು ಸಾವುಗಳಾದವು ಎಂಬ ಆರೋಗ್ಯ ಇಲಾಖೆಯ ಲೆಕ್ಕ ಅಷ್ಟು ಜನರ ಕಿವಿಗೆ ಬಿದ್ದಿಲ್ಲ. ಅವರಲ್ಲಿ ಬಹಳಷ್ಟು ಮಂದಿ ವಯಸ್ಸಾದವರು. ಮನೆಯ ಹಿರಿಯರನ್ನು ಬಿಟ್ಟು ಉಳಿದವರು ಪ್ರವಾಸ ಹೊರಡುವಾಗ ಈ ಅಂಕಿ ನೆನಪಿರಬೇಕು.

ತವರಿನ ಹಿಮ

ಆಸ್ಟ್ರೇಲಿಯಾದಲ್ಲಿ ಹಿಮವೇ ಇಲ್ಲ ಎಂದು ತಿಳಿದವರು ಹೊರಗೆ ಅನೇಕರಿದ್ದಾರೆ. ವಾಸ್ತವದಲ್ಲಿ ಆ ದೇಶದ ಸ್ಕೀಯಿಂಗ್ ಇತಿಹಾಸ ಬಹಳ ಹಳೆಯದು. ನ್ಯೂ ಸೌತ್ ವೇಲ್ಸ್‌ನ ಸ್ನೋಯಿ ಮೌಂಟನ್ಸ್‌ನಲ್ಲಿರುವ ಕಿಯಾಂಡ್ರಾ ಎಂಬ ಊರಿಗೆ ಚಿನ್ನದ ಆಸೆಯಿಂದ ಬಂದ ನಾರ್ವೆಯ ಗಣಿಗಾರರು 1861ರ ಚಳಿಗಾಲದಲ್ಲೇ ಮರದ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ಇಳಿಜಾರಿನಲ್ಲಿ ಜಾರುತ್ತಿದ್ದರು. ಇಂದು ತ್ರೆಡ್ಬೊ, ಪೆರಿಶರ್, ಫಾಲ್ಸ್ ಕ್ರೀಕ್, ಮೌಂಟ್ ಹೋತಮ್, ಮೌಂಟ್ ಬುಲರ್ ಮೊದಲಾದ ಕಡೆ ಜೂನ್‌ನಿಂದ ಅಕ್ಟೋಬರ್ ಆರಂಭದವರೆಗೆ ಸ್ಕೀ ಋತು ನಡೆಯುತ್ತದೆ.

ಆದರೆ ಈ ಬೆಟ್ಟಗಳು ತಗ್ಗು. ದೇಶದ ಮುಖ್ಯ ಭೂಭಾಗದ ಅತಿ ಎತ್ತರದ ಶಿಖರ ಕೊಸ್ಸಿಯುಸ್ಕೊ 2,228 ಮೀಟರ್ ಮಾತ್ರ. ತಗ್ಗಿನ ಬೆಟ್ಟದಲ್ಲಿ ಚಳಿಗಾಲದ ತಾಪಮಾನ ಸೊನ್ನೆಯ ಆಸುಪಾಸಿನಲ್ಲೇ ತೂಗಾಡುತ್ತಿರುತ್ತದೆ. ಒಂದು ಡಿಗ್ರಿ ಏರಿದರೆ ಹಿಮವಾಗಿ ಬೀಳಬೇಕಾದದ್ದು ಮಳೆಯಾಗಿ ಬೀಳುತ್ತದೆ, ಬಿದ್ದಿದ್ದ ಹಿಮವನ್ನೂ ಆ ಮಳೆ ತೊಳೆದುಹಾಕುತ್ತದೆ. ಸ್ಪೆನ್ಸರ್ಸ್ ಕ್ರೀಕ್ ಎಂಬಲ್ಲಿ ಜಲವಿದ್ಯುತ್ ಯೋಜನೆಯವರು 1954ರಿಂದ ಹಿಮದ ಆಳವನ್ನು ಅಳೆಯುತ್ತ ಬಂದಿದ್ದಾರೆ. 1981ರಲ್ಲಿ ಅಲ್ಲಿ 3.6 ಮೀಟರ್ ಹಿಮ ನಿಂತಿತ್ತು. ಆ ಮಟ್ಟವನ್ನು ಮತ್ತೆ ಯಾವ ವರ್ಷವೂ ಮುಟ್ಟಿಲ್ಲ. 1950ರ ದಶಕದ ಕೊನೆಯಿಂದೀಚೆಗೆ ಹಿಮದ ಆಳ, ಹಿಮ ಹರಡುವ ಪ್ರದೇಶ, ಹಿಮ ಬೀಳುವ ದಿನಗಳು ಮೂರೂ ಕುಗ್ಗುತ್ತ ಬಂದಿವೆ. ರೆಸಾರ್ಟ್‌ಗಳು ಯಂತ್ರದಿಂದ ಹಿಮ ತಯಾರಿಸಿ ಇಳಿಜಾರುಗಳನ್ನು ಉಳಿಸಿಕೊಳ್ಳುತ್ತವೆ. ನೀರನ್ನು ಸಣ್ಣ ಹನಿಗಳಾಗಿ ಚಿಮ್ಮಿಸಿ ಗಾಳಿಯಲ್ಲೇ ಹೆಪ್ಪುಗಟ್ಟಿಸುವ ಈ ಫಿರಂಗಿಗಳಿಗೂ ಸೊನ್ನೆಗಿಂತ ಕೆಳಗಿನ ಚಳಿ, ಅದರ ಜೊತೆಗೆ ಒಣಗಾಳಿ ಬೇಕು. ರಾತ್ರಿಗಳು ಬೆಚ್ಚಗಾದಂತೆ ಅವುಗಳನ್ನು ಓಡಿಸಬಹುದಾದ ಗಂಟೆಗಳೂ ಕಡಿಮೆಯಾಗುತ್ತವೆ.

ಬೇಸಿಗೆಯ ಬಿಸಿ ಚಳಿಗಾಲದ ಆಟವನ್ನು ನೇರವಾಗಿಯೇ ಸುಟ್ಟ ಉದಾಹರಣೆಯೂ ಇದೆ. 2019–20ರ 'ಬ್ಲ್ಯಾಕ್ ಸಮರ್' ಕಾಳ್ಗಿಚ್ಚಿನಲ್ಲಿ 33 ಜನ ಜೀವ ಕಳೆದುಕೊಂಡರು, ಮೂರು ಸಾವಿರಕ್ಕೂ ಹೆಚ್ಚು ಮನೆಗಳು ಬೂದಿಯಾದವು. ಕಿಯಾಂಡ್ರಾದ ಪಕ್ಕದ ಸೆಲ್ವಿನ್ ಸ್ಕೀ ರೆಸಾರ್ಟ್ 2020ರ ಜನವರಿಯಲ್ಲಿ ಅದೇ ಬೆಂಕಿಗೆ ಆಹುತಿಯಾಯಿತು. ಕುಟುಂಬಗಳು ಮಕ್ಕಳಿಗೆ ಮೊದಲ ಪಾಠ ಕಲಿಸಲು ಹೋಗುತ್ತಿದ್ದ, ಉಳಿದವುಗಳಿಗಿಂತ ಅಗ್ಗದ ತಾಣ ಅದು. ಮತ್ತೆ ಕಟ್ಟಿ ಬಾಗಿಲು ತೆರೆಯಲು 2023ರವರೆಗೆ ಕಾಯಬೇಕಾಯಿತು.

ಇದರ ಮೇಲೆ ಬೆಲೆಯ ಮಾತು. ಹಿಮ ಅನಿಶ್ಚಿತ, ಋತು ಚಿಕ್ಕದು, ತಾಣಗಳು ಕೆಲವೇ, ಬರುವವರು ಬಹಳ. ದೊಡ್ಡ ರೆಸಾರ್ಟ್‌ಗಳಲ್ಲಿ ಜುಲೈ–ಆಗಸ್ಟ್‌ನ ಒಂದು ದಿನದ ಲಿಫ್ಟ್ ಪಾಸ್ ಕಿಟಕಿಯಲ್ಲಿ ಕೊಂಡರೆ 200 ಆಸ್ಟ್ರೇಲಿಯನ್ ಡಾಲರ್ ದಾಟುತ್ತದೆ. ಜಪಾನಿನ ಹೆಸರಾಂತ ತಾಣಗಳಲ್ಲಿ ಇದರ ಸುಮಾರು ಅರ್ಧ ಬೆಲೆಗೆ ಪಾಸ್ ಸಿಗುತ್ತದೆ. ಯೆನ್ ದುರ್ಬಲವಾಗಿರುವ ವರ್ಷಗಳಲ್ಲಿ ಊಟ, ವಸತಿಗಳೂ ಅಗ್ಗವಾಗಿ, ವಿಮಾನದ ಖರ್ಚನ್ನು ಸೇರಿಸಿಕೊಂಡರೂ ಒಂದು ವಾರದ ಲೆಕ್ಕ ತವರಿನ ಬೆಟ್ಟಕ್ಕಿಂತ ಹೆಚ್ಚೇನೂ ಆಗದೆ ಹೋಗುವುದುಂಟು.

ಸಮುದ್ರ ಹೆರುವ ಹಿಮ

ಹೊಕ್ಕೈಡೊದ ನಿಸೆಕೊದಲ್ಲಿ ಸ್ಕೀ ಮಾಡುವ ಅನ್ನುಪುರಿ ಬೆಟ್ಟದ ಎತ್ತರ 1,308 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ತಗ್ಗು. ಆದರೂ ಅಲ್ಲಿ ಒಂದು ಋತುವಿನಲ್ಲಿ ಬೀಳುವ ಹಿಮವನ್ನೆಲ್ಲ ಕೂಡಿಸಿದರೆ ಹತ್ತು ಮೀಟರನ್ನು ಮೀರುತ್ತದೆ. ಇಷ್ಟು ತಗ್ಗಿನಲ್ಲಿ ಇಷ್ಟು ಹಿಮ ಬೀಳುವ ಜಾಗ ಜಗತ್ತಿನಲ್ಲಿ ಅಪರೂಪ.

ಇದರ ಕಾರಣ ಗಾಳಿ, ಸಮುದ್ರ, ಬೆಟ್ಟಗಳ ಸೇರುವಿಕೆಯಲ್ಲಿದೆ. ಚಳಿಗಾಲದಲ್ಲಿ ಸೈಬೀರಿಯಾದ ನೆಲದ ಮೇಲೆ ತಣ್ಣನೆಯ ಭಾರವಾದ ಗಾಳಿ ಶೇಖರವಾಗಿ, ಒತ್ತಡ ಕಡಿಮೆಯಿರುವ ಪೆಸಿಫಿಕ್ ಕಡೆಗೆ ಹರಿಯುತ್ತದೆ. ದಾರಿಯಲ್ಲಿ ಅದು ಜಪಾನ್ ಸಮುದ್ರವನ್ನು ದಾಟಬೇಕು. ದಕ್ಷಿಣದಿಂದ ಬರುವ ಸುಷಿಮಾ ಪ್ರವಾಹದಿಂದಾಗಿ ಆ ಸಮುದ್ರ ಚಳಿಗಾಲದಲ್ಲೂ ಹೆಪ್ಪುಗಟ್ಟದೆ ತಕ್ಕಮಟ್ಟಿಗೆ ಬೆಚ್ಚಗಿರುತ್ತದೆ. ಕೊರೆಯುವ ಒಣಗಾಳಿ ಬೆಚ್ಚನೆಯ ನೀರಿನ ಮೇಲೆ ಸಾಗುತ್ತ ತೇವವನ್ನು ಹೀರಿ, ಸಾಲುಸಾಲು ಮೋಡಗಳಾಗಿ ತಟಕ್ಕೆ ಬಂದು, ಜಪಾನಿನ ಬೆಟ್ಟಗಳಿಗೆ ತಾಗಿ ಮೇಲೇರಿ ಹಿಮ ಸುರಿಸುತ್ತದೆ. ಅರಬ್ಬೀ ಸಮುದ್ರದ ಮೋಡ ಸಹ್ಯಾದ್ರಿಗೆ ತಾಗಿ ಆಗುಂಬೆಯಲ್ಲಿ ಸುರಿದು, ಚಿತ್ರದುರ್ಗವನ್ನು ಒಣಗಿಸಿಬಿಡುವ ರೀತಿಯೇ ಇದು. ಜಪಾನಿನ ಬೆಟ್ಟಗಳ ಪಶ್ಚಿಮಕ್ಕೆ ನಿಗಾಟಾ, ನಾಗಾನೊಗಳು ಹಿಮದಲ್ಲಿ ಹೂತುಹೋದ ದಿನವೇ ಪೂರ್ವದ ಟೋಕಿಯೊದಲ್ಲಿ ಒಣ ಚಳಿ, ನೀಲಿ ಆಕಾಶ. ಹೊಕ್ಕೈಡೊ ಇನ್ನೂ ಉತ್ತರಕ್ಕಿರುವುದರಿಂದ ಅಲ್ಲಿ ಬೀಳುವ ಹಿಮ ಹೆಚ್ಚು ಒಣ, ಹಗುರ. ಸ್ಕೀಯರುಗಳು ಪೌಡರ್ ಎನ್ನುವುದು ಇದನ್ನೇ. ಹಿಮದ ಹರಳುಗಳ ಆಕಾರಕ್ಕೂ ಗಾಳಿಯ ತಾಪ, ತೇವಗಳಿಗೂ ಇರುವ ಸಂಬಂಧವನ್ನು ಮೊದಲು ಪ್ರಯೋಗಾಲಯದಲ್ಲಿ ತೋರಿಸಿಕೊಟ್ಟ ಉಕಿಚಿರೊ ನಕಾಯಾ ಕೆಲಸ ಮಾಡಿದ್ದೂ ಇದೇ ದ್ವೀಪದ ವಿಶ್ವವಿದ್ಯಾಲಯದಲ್ಲಿ. 1936ರಲ್ಲಿ ಅವರು ಕೃತಕವಾಗಿ ಹಿಮದ ಹರಳನ್ನು ಬೆಳೆಸಿದರು.

ಜಪಾನಿಗೆ ಸ್ಕೀಯಿಂಗ್ ಬಂದದ್ದು 1911ರಲ್ಲಿ, ನಿಗಾಟಾ ಪ್ರಾಂತ್ಯದ ತಕಾಡಾದಲ್ಲಿ ಆಸ್ಟ್ರಿಯಾದ ಸೇನಾಧಿಕಾರಿ ಥಿಯೋಡರ್ ಫಾನ್ ಲೆರ್ಕ್ ಅಲ್ಲಿನ ಸೈನಿಕರಿಗೆ ಪಾಠ ಹೇಳಿದಾಗ. 1972ರಲ್ಲಿ ಸಪ್ಪೊರೊ, 1998ರಲ್ಲಿ ನಾಗಾನೊ ಚಳಿಗಾಲದ ಒಲಿಂಪಿಕ್ಸ್ ನಡೆಸಿದವು. 1980ರ ದಶಕದ ಹಣದ ಹೊಳೆಯಲ್ಲಿ ಜಪಾನೀಯರು ಬೆಟ್ಟಬೆಟ್ಟಕ್ಕೂ ಲಿಫ್ಟ್ ಹಾಕಿದರು. ಆ ಹೊಳೆ ಬತ್ತಿದ ಮೇಲೆ ಊರಿನ ಯುವಕರು ಸ್ಕೀ ಬಿಟ್ಟರು, ಎಷ್ಟೋ ಸಣ್ಣ ತಾಣಗಳು ಮುಚ್ಚಿಹೋದವು. ಖಾಲಿ ಬಿದ್ದ ಈ ಲಿಫ್ಟ್‌ಗಳನ್ನೂ ಯಾರೂ ತುಳಿಯದ ಹಿಮವನ್ನೂ 1990ರ ದಶಕದಲ್ಲಿ ಕಂಡುಕೊಂಡವರಲ್ಲಿ ಆಸ್ಟ್ರೇಲಿಯನ್ನರು ಮೊದಲಿಗರು. 2001ರ ಸೆಪ್ಟೆಂಬರಿನ ಭಯೋತ್ಪಾದಕ ದಾಳಿಯ ನಂತರ ಅಮೆರಿಕ, ಕೆನಡಾಗಳಿಗೆ ಹೋಗಲು ಹಿಂಜರಿದವರು ಜಪಾನಿನತ್ತ ತಿರುಗಿದರು. ಸಿಡ್ನಿಯಿಂದ ಟೋಕಿಯೊಗೆ ರಾತ್ರಿ ಹತ್ತಿ ಬೆಳಿಗ್ಗೆ ಇಳಿಯುವ ವಿಮಾನಗಳಿವೆ. ಸಮಯದ ವ್ಯತ್ಯಾಸ ಬೇಸಿಗೆಯಲ್ಲಿ ಎರಡೇ ಗಂಟೆ. ಯುರೋಪಿನ ಆಲ್ಪ್ಸ್‌ಗೆ ಹೋಗಿ ನಿದ್ದೆಗೆಟ್ಟು ಎರಡು ದಿನ ಕಳೆದುಕೊಳ್ಳುವ ತೊಂದರೆ ಇಲ್ಲಿಲ್ಲ. ಬೆಟ್ಟ ತಗ್ಗಾದ್ದರಿಂದ ಅಮೆರಿಕದ ಕೊಲೊರಾಡೊದಲ್ಲಿ ಕಾಡುವ ಎತ್ತರದ ತಲೆನೋವು, ಏದುಸಿರುಗಳೂ ಇಲ್ಲ.

ಈ ಪ್ರವಾಸಿಗರ ನೂಕುನುಗ್ಗಲಿನ ಭಾರ ಹೊತ್ತದ್ದು ಸ್ಥಳೀಯರು. ನಿಸೆಕೊ ತಾಣದ ದೊಡ್ಡ ಭಾಗ ಸೇರುವ ಕುಚ್ಚಾನ್ ಆಲೂಗಡ್ಡೆಗೆ ಹೆಸರಾದ ಊರು. ಕಳೆದ ದಶಕದ ಉತ್ತರಾರ್ಧದಲ್ಲಿ ನೆಲದ ಬೆಲೆ ಏರಿಕೆಯ ವೇಗದಲ್ಲಿ ಅದು ಇಡೀ ಜಪಾನಿನಲ್ಲೇ ಮುಂಚೂಣಿಗೆ ಬಂತು. ಅಲ್ಲಿ ದುಡಿಯುವವರಿಗೆ ಅಲ್ಲೇ ಬಾಡಿಗೆ ಮನೆ ಸಿಗುವುದು ಕಷ್ಟವಾಗಿದೆ. ಹೀಗಾಗಿ ನಿಸೆಕೊದ ಬದಲು ಫುರಾನೊ, ಮ್ಯೋಕೊ, ನೊಜಾವಾ ಒನ್ಸೆನ್‌ನಂಥ ಊರುಗಳನ್ನು ಆರಿಸಿಕೊಳ್ಳುವುದು ಕಿಸೆಗೂ ಒಳ್ಳೆಯದು, ಊರು ಊರಾಗಿ ಉಳಿದಿರುವುದನ್ನು ನೋಡುವ ಭಾಗ್ಯವೂ ಸಿಗುತ್ತದೆ.

ಹಿಮದ ನಾಡನ್ನೂ ಬಿಸಿ ಬಿಟ್ಟಿಲ್ಲ. ಆಸ್ಟ್ರೇಲಿಯಾ ಉರಿದ 2019–20ರ ಅದೇ ಡಿಸೆಂಬರ್–ಫೆಬ್ರವರಿಯಲ್ಲಿ ಪೂರ್ವ ಮತ್ತು ಪಶ್ಚಿಮ ಜಪಾನ್ ತಮ್ಮ ದಾಖಲೆಯ ಅತಿ ಬೆಚ್ಚನೆಯ ಚಳಿಗಾಲವನ್ನು ಕಂಡವು. ಹೊನ್ಶು ದ್ವೀಪದ ಅನೇಕ ತಾಣಗಳು ಮಣ್ಣು ಕಾಣುವ ಇಳಿಜಾರುಗಳನ್ನಿಟ್ಟುಕೊಂಡು ಒದ್ದಾಡಿದವು. ಸಪ್ಪೊರೊದ ಹಿಮೋತ್ಸವಕ್ಕೆ ಬೇರೆ ಕಡೆಯಿಂದ ಲಾರಿಗಳಲ್ಲಿ ಹಿಮ ತರಿಸಬೇಕಾಯಿತು. ಮನೆಯ ಬೆಂಕಿಯಿಂದ ತಪ್ಪಿಸಿಕೊಂಡು ಹೋದವರಿಗೆ ಅಲ್ಲಿ ಹಿಮವೂ ಸಿಗದ ವರ್ಷ ಅದು. ಇನ್ನೊಂದು ಅಂಚೂ ಇದೆ. ಸಮುದ್ರ ಬೆಚ್ಚಗಾದಷ್ಟೂ ಗಾಳಿ ಹೊರುವ ತೇವ ಹೆಚ್ಚು. ಚಳಿ ಇನ್ನೂ ಸಾಕಷ್ಟಿರುವ ಉತ್ತರದಲ್ಲಿ, ಎತ್ತರದಲ್ಲಿ, ಆ ತೇವ ಒಮ್ಮೆಲೇ ಕವಿಯುವ ಹಿಮವಾಗುತ್ತದೆ. 2025ರ ಫೆಬ್ರವರಿ 4ರಂದು ಹೊಕ್ಕೈಡೊದ ಒಬಿಹಿರೊದಲ್ಲಿ 12 ಗಂಟೆಯೊಳಗೆ 120 ಸೆಂಟಿಮೀಟರ್ ಹಿಮ ಬಿದ್ದು ದೇಶದ ದಾಖಲೆಯಾಯಿತು. ಅಂಥ ಬಿರುಹಿಮ ರಸ್ತೆ, ರೈಲು, ವಿಮಾನಗಳನ್ನು ನಿಲ್ಲಿಸಿಬಿಡುತ್ತದೆ. ಒಂದು ವರ್ಷ ಬರ, ಮರುವರ್ಷ ಪ್ರವಾಹ ಎಂಬ ನಮ್ಮ ಊರಿನ ಮಳೆಯ ಪಾಡು ಅಲ್ಲಿನ ಹಿಮಕ್ಕೂ ಬಂದಿದೆ.

ಈ ಪ್ರವಾಸವೂ ಆ ಬಿಸಿಗೆ ತನ್ನ ಪಾಲು ಸೇರಿಸುತ್ತದೆ. ಸಿಡ್ನಿಯಿಂದ ಟೋಕಿಯೊ ಸುಮಾರು 7,800 ಕಿಲೋಮೀಟರ್. ಹೋಗಿ ಬರುವ ಒಬ್ಬ ಸಾಮಾನ್ಯ ದರ್ಜೆಯ ಪ್ರಯಾಣಿಕನ ಲೆಕ್ಕಕ್ಕೆ ಸ್ಥೂಲವಾಗಿ ಒಂದೂವರೆ ಟನ್ ಇಂಗಾಲದ ಡೈಆಕ್ಸೈಡ್ ಬೀಳುತ್ತದೆ. ನಾಲ್ವರ ಕುಟುಂಬವಾದರೆ ಆರು ಟನ್. ವರ್ಷವರ್ಷವೂ ಒಂದೊಂದು ವಾರ ಹಾರುವ ಬದಲು ಎರಡು ವರ್ಷಕ್ಕೊಮ್ಮೆ ಎರಡು ವಾರ ಇದ್ದು ಬರುವುದರಿಂದ ಹಿಮದ ಮೇಲಿನ ದಿನಗಳು ಅಷ್ಟೇ ಉಳಿದು, ಈ ಹೊರೆ ಅರ್ಧಕ್ಕಿಳಿಯುತ್ತದೆ. ಜಪಾನಿನೊಳಗೆ ಬುಲೆಟ್ ರೈಲು ಹಿಡಿದು ಹೊನ್ಶುವಿನ ತಾಣಗಳಿಗೆ ಹೋದರೆ ಇನ್ನೊಂದು ವಿಮಾನ ತಪ್ಪುತ್ತದೆ.

ಹೊರಡುವ ಮುನ್ನ

ಋತುವಿನ ಆಯ್ಕೆ ಮೊದಲ ಪ್ರಶ್ನೆ. ಹೊಕ್ಕೈಡೊದಲ್ಲಿ ಹಿಮ ಹೆಚ್ಚು ನಂಬಿಕೆಗೆ ಅರ್ಹವಾಗಿರುವುದು ಜನವರಿ ಆರಂಭದಿಂದ ಫೆಬ್ರವರಿ ನಡುವಿನವರೆಗೆ. ಡಿಸೆಂಬರಿನಲ್ಲಿ ಬುಡದ ಇಳಿಜಾರುಗಳು ಇನ್ನೂ ತುಂಬಿರುವುದಿಲ್ಲ. ಮಾರ್ಚ್‌ನಲ್ಲಿ ಮಧ್ಯಾಹ್ನದ ಬಿಸಿಲಿಗೆ ಹಿಮ ಒದ್ದೆಯಾಗುತ್ತದೆ. ವರ್ಷಾಂತ್ಯ ಮತ್ತು ಹೊಸವರ್ಷದ ವಾರ ಜಪಾನೀಯರಿಗೇ ರಜೆ, ಚೀನೀ ಹೊಸವರ್ಷದ ವಾರ ಪೂರ್ವ ಏಷ್ಯಾದ ಬೇರೆ ಅನೇಕ ಕಡೆ ರಜೆ. ಇವೆರಡರ ನಡುವಿನ ಜನವರಿಯ ವಾರಗಳಲ್ಲಿ ಜನಜಂಗುಳಿ ತುಸು ಕಡಿಮೆ. ಆಸ್ಟ್ರೇಲಿಯಾದ ಶಾಲಾರಜೆಯೊಳಗೇ ಈ ವಾರಗಳು ಬರುವುದರಿಂದ ಅವು ಬೇಗ ಭರ್ತಿಯಾಗುತ್ತವೆ. ವಸತಿಯನ್ನು ಹಿಂದಿನ ಚಳಿಗಾಲ ಮುಗಿಯುತ್ತಿದ್ದಂತೆಯೇ, ಅಂದರೆ ಎಂಟು ಹತ್ತು ತಿಂಗಳು ಮೊದಲೇ, ಕಾದಿರಿಸುವುದು ಅಲ್ಲಿನವರ ರೂಢಿ.

ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಇರುವವರಿಗೆ ಜಪಾನಿಗೆ ಚಿಕ್ಕ ಪ್ರವಾಸಕ್ಕೆ ವೀಸಾ ಬೇಡ. ಅಲ್ಲೇ ನೆಲೆಸಿದ್ದರೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರಿಗೆ ಬೇಕು. ಒಂದೇ ಮನೆಯಲ್ಲಿ ಎರಡು ಬಗೆಯ ಪಾಸ್‌ಪೋರ್ಟ್ ಇರುವ ಕನ್ನಡ ಕುಟುಂಬಗಳಲ್ಲಿ, ಊರಿನಿಂದ ಬಂದ ಅಜ್ಜ–ಅಜ್ಜಿಯನ್ನೂ ಜೊತೆಗೆ ಕರೆದೊಯ್ಯುವಾಗ, ಇದನ್ನು ಮೊದಲೇ ನೋಡಿಕೊಳ್ಳಬೇಕು. ನೆಗಡಿಗೆಂದು ಚೀಲಕ್ಕೆ ಹಾಕಿಕೊಳ್ಳುವ ಮಾತ್ರೆಯ ಮೇಲೂ ಕಣ್ಣಿರಲಿ. ಸ್ಯೂಡೋಎಫೆಡ್ರಿನ್, ಕೋಡೀನ್ ಇರುವ ಔಷಧಿಗಳ ಮೇಲೆ ಜಪಾನಿನಲ್ಲಿ ಬಿಗಿಯಾದ ಕಟ್ಟುಪಾಡುಗಳಿವೆ. ಸಸ್ಯಾಹಾರಿಗಳಿಗೆ ಇನ್ನೊಂದು ಮಾತು. ಜಪಾನಿನ ಸೂಪು, ನೂಡಲ್ಸ್, ಬೇಯಿಸಿದ ತರಕಾರಿ ಬಹುತೇಕ ಎಲ್ಲದರ ತಳದಲ್ಲೂ ದಾಶಿ ಎಂಬ ತಿಳಿಸಾರು ಇರುತ್ತದೆ. ಅದನ್ನು ಹೆಚ್ಚಾಗಿ ಒಣಗಿಸಿದ ಮೀನಿನ ಚೂರಿನಿಂದಲೇ ತಯಾರಿಸುತ್ತಾರೆ. ತಟ್ಟೆಯಲ್ಲಿ ಮೀನು ಕಾಣದಿದ್ದ ಮಾತ್ರಕ್ಕೆ ಅದು ಸಸ್ಯಾಹಾರವಾಗುವುದಿಲ್ಲ. ಅಡುಗೆಮನೆ ಇರುವ ವಸತಿ ಹಿಡಿದು, ಅಕ್ಕಿ ಅಲ್ಲೇ ಕೊಂಡು, ಸಾರಿನ ಪುಡಿ ಜೊತೆಗೊಯ್ಯುವುದೇ ನೆಮ್ಮದಿಯ ದಾರಿ.

ಹೊಸಬರು ಸ್ಕೀ, ಬೂಟು, ಹೆಲ್ಮೆಟ್ ಕೊಳ್ಳುವ ಅಗತ್ಯವಿಲ್ಲ, ಬಾಡಿಗೆಗೆ ಸಿಗುತ್ತವೆ. ಕೊಳ್ಳಬೇಕಾದದ್ದು ಒಳ ಉಡುಪು, ಕೈಗವಸು, ಕನ್ನಡಕ. ಮೈಗೆ ತಾಗುವ ಬಟ್ಟೆ ಹತ್ತಿಯದ್ದಾಗಬಾರದು. ಬೆವರು ಹೀರಿ ಒದ್ದೆಯಾದ ಹತ್ತಿ ಆರುವುದಿಲ್ಲ, ಲಿಫ್ಟ್‌ನಲ್ಲಿ ಕುಳಿತ ಹತ್ತು ನಿಮಿಷದಲ್ಲಿ ಮೈಯ ಕಾವನ್ನೆಲ್ಲ ಹೀರುತ್ತದೆ. ಮೆರಿನೊ ಉಣ್ಣೆ ಅಥವಾ ಪಾಲಿಯೆಸ್ಟರಿನ ತೆಳು ಪದರ, ಅದರ ಮೇಲೆ ಬೆಚ್ಚನೆಯದು, ಹೊರಗೆ ನೀರು–ಗಾಳಿ ತಡೆಯುವುದು, ಹೀಗೆ ಮೂರು ಪದರ ಸಾಕು. ಮೋಡ ಮುಸುಕಿದ್ದರೂ ಕಣ್ಣಿಗೆ ಕನ್ನಡಕ, ಮುಖಕ್ಕೆ ಸನ್‌ಸ್ಕ್ರೀನ್ ಬೇಕು. ಹೊಸ ಹಿಮ ಅತಿನೇರಳೆ ಕಿರಣಗಳಲ್ಲಿ ಶೇ 80ರಷ್ಟನ್ನು ಹಿಂದಕ್ಕೆ ಎಸೆಯುತ್ತದೆ. ಸ್ಕೀ ಚೀಲವನ್ನು ಹೊತ್ತು ರೈಲು ಹತ್ತಬೇಕಿಲ್ಲ. ತಕ್ಯುಬಿನ್ ಎಂಬ ಸಾಮಾನು ಸಾಗಣೆಯವರು ವಿಮಾನ ನಿಲ್ದಾಣದಿಂದ ತೆಗೆದುಕೊಂಡು ನೇರವಾಗಿ ವಸತಿಗೆ ಮುಟ್ಟಿಸುತ್ತಾರೆ. ಕಾರು ಓಡಿಸುವ ಆಸೆಯಿದ್ದವರು ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ತವರಿನಲ್ಲೇ ಮಾಡಿಸಿಕೊಂಡಿರಬೇಕು. ಆದರೆ ಮಂಜುಗಡ್ಡೆಯ ರಸ್ತೆಯಲ್ಲಿ ಓಡಿಸಿ ಗೊತ್ತಿಲ್ಲದವರು ಬಸ್ಸು ಹತ್ತುವುದೇ ಮೇಲು.

ಸಿಡ್ನಿಯ ನಲವತ್ತು ಡಿಗ್ರಿಯಿಂದ ಹೊಕ್ಕೈಡೊದ ಮೈನಸ್ ಹತ್ತಕ್ಕೆ ದೇಹ ಒಂದೇ ದಿನದಲ್ಲಿ ಜಿಗಿಯುತ್ತದೆ. ಬಿಸಿಗೆ ದೇಹ ಒಂದೆರಡು ವಾರಗಳಲ್ಲಿ ಚೆನ್ನಾಗಿ ಹೊಂದಿಕೊಳ್ಳುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ, ರಕ್ತದ ದ್ರವ ಹೆಚ್ಚುತ್ತದೆ. ಚಳಿಗೆ ಹೊಂದಿಕೊಳ್ಳುವ ಶಕ್ತಿ ಅಷ್ಟಿಲ್ಲ. ಬಟ್ಟೆಯೇ ಅಲ್ಲಿ ದೇಹದ ಆಸರೆ. ಚಳಿಯಲ್ಲಿ ಬಾಯಾರಿಕೆ ತಿಳಿಯುವುದಿಲ್ಲ, ಮೂತ್ರ ಹೆಚ್ಚಾಗುತ್ತದೆ, ಒಣಗಾಳಿ ಉಸಿರಿನ ಜೊತೆ ನೀರನ್ನು ಹೊರಗೊಯ್ಯುತ್ತದೆ. ಬೇಸಿಗೆಯಲ್ಲಿ ನೀರಿನ ಬಾಟಲಿ ಮರೆಯದವರೂ ಹಿಮದಲ್ಲಿ ಮರೆತು ತಲೆನೋವು ತಂದುಕೊಳ್ಳುತ್ತಾರೆ. ಆಸ್ತಮಾ ಇರುವವರಿಗೆ ತಣ್ಣನೆಯ ಒಣಗಾಳಿಯಲ್ಲಿ ಓಡಾಡಿದರೆ ಉಸಿರು ಕಟ್ಟಬಹುದು. ಕಾಳ್ಗಿಚ್ಚಿನ ಹೊಗೆ ಕುಡಿದು ಬಂದ ಶ್ವಾಸಕೋಶವಾದರೆ ಇನ್ನೂ ಎಚ್ಚರ. ಇನ್ಹೇಲರ್ ಒಳಜೇಬಿನಲ್ಲಿ ಬೆಚ್ಚಗಿರಲಿ.

ಪೌಡರ್ ಹಿಮದ ಅಪಾಯಗಳು ಆಸ್ಟ್ರೇಲಿಯಾದ ಗಟ್ಟಿ ಹಿಮದಲ್ಲಿ ಕಲಿತವರಿಗೆ ಹೊಸತು. ಮರದ ಬುಡದ ಸುತ್ತ ಕೊಂಬೆಗಳ ಕೆಳಗೆ ಸಡಿಲ ಹಿಮದ ಗುಂಡಿ ಉಂಟಾಗಿರುತ್ತದೆ. ತಲೆಕೆಳಗಾಗಿ ಅದರಲ್ಲಿ ಬಿದ್ದವರು ತಾವಾಗಿ ಎದ್ದು ಬರುವುದು ಬಹಳ ಕಷ್ಟ. ಅದಕ್ಕೇ ಮರಗಳ ನಡುವೆ ಒಬ್ಬರೇ ಹೋಗಕೂಡದು. ಹಗ್ಗ ಕಟ್ಟಿದ ಗಡಿಯಾಚೆ ಹಿಮಕುಸಿತದ ಭಯ. ನಿಸೆಕೊದಲ್ಲಿ ಗಡಿಯುದ್ದಕ್ಕೂ ಗೇಟುಗಳಿದ್ದು, ಹವೆ ನೋಡಿ ಅವನ್ನು ತೆರೆಯುತ್ತಾರೆ ಅಥವಾ ಮುಚ್ಚುತ್ತಾರೆ. ಗೇಟು ಬಿಟ್ಟು ಹಗ್ಗದಡಿ ನುಸುಳುವುದನ್ನು ಅಲ್ಲಿನ ನಿಯಮ ನಿಷೇಧಿಸುತ್ತದೆ. ಪ್ರವಾಸ ವಿಮೆಯ ಸಾಮಾನ್ಯ ಪಾಲಿಸಿಗಳಲ್ಲಿ ಸ್ಕೀಯಿಂಗ್ ಸೇರಿರುವುದಿಲ್ಲ, ಹೆಚ್ಚಿನ ಹಣ ಕೊಟ್ಟು ಸೇರಿಸಿಕೊಳ್ಳಬೇಕು. ಸೇರಿಸಿಕೊಂಡರೂ ಗಡಿಯಾಚೆಯ ಅಪಘಾತವನ್ನು ಎಷ್ಟೋ ಪಾಲಿಸಿಗಳು ಹೊರಗಿಡುತ್ತವೆ. ಜಪಾನಿನಲ್ಲಿ ಆಂಬುಲೆನ್ಸ್‌ಗೆ 119, ಪೊಲೀಸರಿಗೆ 110.

ಬೀಗ ಹಾಕಿದ ಮನೆ

ಕಾಳ್ಗಿಚ್ಚಿನ ಋತುವಿನ ನಡುವೆ ಮನೆ ಬಿಟ್ಟು ಹೋಗುವುದೆಂದರೆ ಕೀಲಿ ತಿರುಗಿಸಿ ಹೊರಟಂತಲ್ಲ. ಮನೆಗಳು ಸುಡುವುದು ಬಹುಪಾಲು ಜ್ವಾಲೆ ನೇರವಾಗಿ ತಾಗಿ ಅಲ್ಲ, ಗಾಳಿಯಲ್ಲಿ ಹಾರಿಬರುವ ಕೆಂಡದ ಕಿಡಿಗಳಿಂದ. ಮಾಡಿನ ದೋಣಿಯಲ್ಲಿ ತುಂಬಿದ ಒಣ ನೀಲಗಿರಿ ಎಲೆ, ಬಾಗಿಲಿನ ಮುಂದಿನ ನಾರಿನ ಕಾಲೊರಸು, ಗೋಡೆಗೆ ಒರಗಿಸಿಟ್ಟ ಸೌದೆ, ತೆರೆದ ಕಿಟಕಿಯ ಸಂದು ಇವೇ ಕಿಡಿಗೆ ಕಾದು ಕುಳಿತ ಜಾಗಗಳು. ಇವನ್ನು ತೆರವು ಮಾಡಿ, ಹುಲ್ಲು ಗಿಡ್ಡಗೆ ಕತ್ತರಿಸಿ, ಅನಿಲದ ಸಿಲಿಂಡರಿನ ವಾಲ್ವ್ ಮುಚ್ಚಿ ಹೊರಡಬೇಕು. ಮನೆ ವಿಮೆಯನ್ನು ಹೊರಡುವ ವಾರ ಮಾಡಿಸುವುದು ತಡವಾದೀತು. ಹೊಸ ಪಾಲಿಸಿಗಳಲ್ಲಿ ಮೊದಲ 72 ಗಂಟೆ ಕಾಳ್ಗಿಚ್ಚಿನ ನಷ್ಟ ಸೇರಿರುವುದಿಲ್ಲ ಎಂಬ ಷರತ್ತು ಸಾಮಾನ್ಯ. ಪಾಸ್‌ಪೋರ್ಟ್ ಜೊತೆಗೇ ಹೋಗುತ್ತದೆ. ಮನೆ ಪತ್ರ, ಜನನ ಪ್ರಮಾಣಪತ್ರ, ಹಳೆಯ ಫೋಟೋಗಳ ಪ್ರತಿಗಳು ಮಾತ್ರ ಬೇರೆ ಊರಿನ ನಂಟರ ಮನೆಯಲ್ಲಿರುವುದು ಒಳ್ಳೆಯದು.

2022ರ ಸೆಪ್ಟೆಂಬರಿನಿಂದ ಆಸ್ಟ್ರೇಲಿಯಾದಾದ್ಯಂತ ಕಾಳ್ಗಿಚ್ಚಿನ ಅಪಾಯವನ್ನು ನಾಲ್ಕು ಹಂತಗಳಲ್ಲಿ ಸಾರುವ ಒಂದೇ ಪದ್ಧತಿ ಜಾರಿಯಲ್ಲಿದೆ. ತುತ್ತತುದಿಯ ಹಂತ ಘೋಷಣೆಯಾದರೆ ಕಾಡಂಚಿನವರು ಜಾಗ ಬಿಡಬೇಕೆಂಬುದೇ ಅದರ ಅರ್ಥ. ಊರಿನಲ್ಲಿಲ್ಲದವರ ಪರವಾಗಿ ಆ ತೀರ್ಮಾನ ತೆಗೆದುಕೊಳ್ಳುವವರು ಯಾರು ಎಂಬುದು ಮೊದಲೇ ಗೊತ್ತಾಗಿರಬೇಕು. ಬೆಕ್ಕು ನಾಯಿಗಳನ್ನು ಎಲ್ಲಿಗೆ ಒಯ್ಯಬೇಕು, ಕೀಲಿ ಯಾರ ಬಳಿ ಇದೆ, ಯಾವ ಸಾಮಾನು ಮೊದಲು ಎನ್ನುವುದನ್ನು ನೆರೆಯವರಿಗೆ ಬರೆದು ಕೊಟ್ಟಿರಬೇಕು. ವಯಸ್ಸಾದವರು ಮನೆಯಲ್ಲಿ ಉಳಿಯುವುದಾದರೆ ಹವಾನಿಯಂತ್ರಣ ಯಂತ್ರವನ್ನು ಡಿಸೆಂಬರಿಗೆ ಮೊದಲೇ ಪರೀಕ್ಷೆ ಮಾಡಿಸುವುದು, ಕರೆಂಟು ಹೋದರೆ ಹೋಗಲು ಹತ್ತಿರದ ಗ್ರಂಥಾಲಯ ಅಥವಾ ಮಾಲ್ ಗೊತ್ತುಮಾಡುವುದು, ಬಿಸಿಗಾಳಿಯ ದಿನ ಯಾರಾದರೂ ಎರಡು ಹೊತ್ತು ಬಾಗಿಲು ತಟ್ಟುವಂತೆ ಏರ್ಪಾಟು ಮಾಡುವುದು ಅಗತ್ಯ. ಪ್ಯಾರಸಿಟಮಾಲ್ ಬಿಸಿಲಿನ ಜ್ವರವನ್ನು ಇಳಿಸುವುದಿಲ್ಲ, ರಕ್ತದೊತ್ತಡದ ಮತ್ತು ಮೂತ್ರ ಹೆಚ್ಚಿಸುವ ಕೆಲವು ಮಾತ್ರೆಗಳು ಬಿಸಿಲಿನ ಅಪಾಯವನ್ನು ಹೆಚ್ಚಿಸುತ್ತವೆ. ಅವುಗಳ ಬಗ್ಗೆ ವೈದ್ಯರನ್ನು ಕೇಳಿಕೊಂಡಿರಬೇಕು.

ಹಿಂದಿರುಗುವ ವಾರಕ್ಕೂ ಒಂದು ಲೆಕ್ಕವಿದೆ. ಬಿಸಿಗೆ ಹೊಂದಿಕೊಂಡ ದೇಹ ಚಳಿಯಲ್ಲಿ ಒಂದೆರಡು ವಾರ ಕಳೆದರೆ ಆ ಹೊಂದಾಣಿಕೆಯನ್ನು ಭಾಗಶಃ ಕಳೆದುಕೊಂಡಿರುತ್ತದೆ. ಜನವರಿಯ ಕೊನೆಗೆ ಮರಳುವವರು ಇಳಿಯುವುದು ಬೇಸಿಗೆಯ ನಡುಮಧ್ಯಕ್ಕೆ. ಕಟ್ಟಡ ಕೆಲಸ, ತೋಟದ ಕೆಲಸ, ಬಯಲಿನ ಆಟಗಳಿಗೆ ಮರುದಿನವೇ ಇಳಿಯದೆ, ಬೆಳಗಿನ ತಂಪಿನಲ್ಲಿ ತುಸುತುಸುವಾಗಿ ಶುರುಮಾಡಿ ಒಂದು ವಾರದಲ್ಲಿ ಹಳೆಯ ಪ್ರಮಾಣಕ್ಕೆ ಬರುವುದು ಕ್ಷೇಮ. ಮಕ್ಕಳ ಶಾಲೆ ತೆರೆಯುವ ಹಿಂದಿನ ದಿನ ಬಂದಿಳಿಯುವಂತೆ ಟಿಕೆಟ್ ತೆಗೆಯುವುದೂ ತರವಲ್ಲ. ಹಿಮಗಾಳಿಗೆ ಸಪ್ಪೊರೊ ಬಳಿಯ ಶಿನ್–ಚಿತೋಸೆ ನಿಲ್ದಾಣ ಒಂದು ದಿನ ಮುಚ್ಚಿದರೆ ಸಾಲುಸಾಲು ವಿಮಾನಗಳು ತಪ್ಪುತ್ತವೆ. ಹೊಕ್ಕೈಡೊದಿಂದ ಟೋಕಿಯೊಗೆ ಬಂದು ಅಲ್ಲಿ ಒಂದು ರಾತ್ರಿ ಉಳಿದು ಮರುದಿನ ಸಿಡ್ನಿಯ ವಿಮಾನ ಹತ್ತುವವರಿಗೆ ಆ ಒಂದು ದಿನದ ಬಿಡುವೇ ಆಸರೆಯಾಗುತ್ತದೆ.